ನಲವತ್ತು ಗಿಡದಲ್ಲಿ ಚೆನ್ನಾಗಿ ಹೂ ಬಿಟ್ಟಿದ್ದು ಒಂಬತ್ತು: ಶರತ್ಕಾಲದ ಬಹುವಾರ್ಷಿಕ ಹೂಗಳ ಆಯ್ಕೆ, ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ 40×60 ಅಡಿಯ ಮೂಲೆ ನಿವೇಶನ. ಉತ್ತರಕ್ಕೂ ಪೂರ್ವಕ್ಕೂ ರಸ್ತೆ. ಮನೆ ಉತ್ತರಮುಖ, ಎರಡು ಅಂತಸ್ತು. ಪ್ಯಾರಪೆಟ್ ಸೇರಿ ಎತ್ತರ ಸುಮಾರು 25 ಅಡಿ. ಕಾಂಪೌಂಡ್ ಗೋಡೆ ಎರಡೇ ಅಡಿ, ಅದರ ಮೇಲೆ ಕಬ್ಬಿಣದ ಗ್ರಿಲ್. ಗೋಡೆಯ ಒಳಮಗ್ಗುಲಲ್ಲಿ ಎರಡು ಹೂಪಾತಿಗಳಿವೆ. ಉತ್ತರದ್ದು 24 ಅಡಿ ಉದ್ದ, 3 ಅಡಿ ಅಗಲ. ಪೂರ್ವದ್ದು 20 ಅಡಿ ಉದ್ದ, ಮೂರೂವರೆ ಅಡಿ ಅಗಲ. ಎರಡೂ ಸೇರುವ ಈಶಾನ್ಯ ಮೂಲೆಯ ಹೊರಗೆ ಬೀದಿದೀಪದ ಕಂಬ. ಈ ಕಂಬದ ವಿಚಾರ ಮುಂದೆ ಮತ್ತೆ ಬರುತ್ತದೆ.

ಮನೆಯವರು ಕೇಳಿದ್ದು ಸರಳ. ಮಹಾಲಯ ಅಮಾವಾಸ್ಯೆ ಕಳೆದು ಕಾರ್ತಿಕ ಮುಗಿಯುವ ತನಕ, ಸಾಧ್ಯವಾದರೆ ಮಾರ್ಗಶಿರದವರೆಗೂ ಅಂಗಳದಲ್ಲಿ ಬಣ್ಣ ಇರಬೇಕು. ಪ್ರತಿ ವರ್ಷ ಹೊಸ ಸಸಿ ತರುವಂತಿರಬಾರದು. ದೇವರ ಕೋಣೆಗೆ ದಿನಕ್ಕೊಂದು ಬೊಗಸೆ ಹೂ ಸಿಕ್ಕಬೇಕು.

ಮೊದಲ ವರ್ಷ ಅವರು ಮಾಡಿದ್ದು ಹೆಚ್ಚಿನವರು ಮಾಡುವುದನ್ನೇ. ಅಕ್ಟೋಬರ್ ಮೊದಲ ವಾರ ನರ್ಸರಿಯಿಂದ ಅರಳಿ ನಿಂತ 40 ಸೇವಂತಿಗೆ ಕುಂಡಗಳನ್ನು ತಂದು ಪಾತಿಗೆ ಇಳಿಸಿದರು: ಉತ್ತರದ ಪಾತಿಗೆ 18, ಪೂರ್ವದ ಪಾತಿಗೆ 12, ಮೂಲೆಗೆ 10. ಆಯುಧಪೂಜೆಗೆ ಅಂಗಳ ತುಂಬಿ ತುಳುಕಿತು, ನವೆಂಬರ್ ಹೊತ್ತಿಗೆ ಒಣಗಿತು. ಸೇವಂತಿಗೆ ಬಹುವಾರ್ಷಿಕ ಗಿಡ, ಮುಂದಿನ ವರ್ಷ ತಾನಾಗಿ ಬರುತ್ತದೆ ಎಂದು ಒಣಕಡ್ಡಿ ಕತ್ತರಿಸಿ ಹಾಗೇ ಬಿಟ್ಟರು.

ಮುಂದಿನ ವರ್ಷದ ಲೆಕ್ಕ ಹೀಗಿತ್ತು. ಉತ್ತರದ ಪಾತಿಯ 18ರಲ್ಲಿ 13 ಗಿಡ ಉಳಿದಿದ್ದವು. ಕಡ್ಡಿಯಂತೆ ಸಣಕಲಾಗಿ ಎತ್ತರಕ್ಕೆ ಹೋಗಿ, ನಾಲ್ಕೈದು ಹೂ ಬಿಟ್ಟು ರಸ್ತೆ ಕಡೆಗೆ ಬಾಗಿದವು. ಪೂರ್ವದ 12ರಲ್ಲಿ ತಗ್ಗಿನ ತುದಿಯ 5 ಗಿಡ ಸೆಪ್ಟೆಂಬರ್ ಮಳೆಗೆ ಕೊಳೆತವು, 7 ಚೆನ್ನಾಗಿ ಅರಳಿದವು. ಮೂಲೆಯ 10 ಗಿಡಗಳದ್ದೇ ವಿಚಿತ್ರ. ಎಲೆ ಹಚ್ಚಗೆ, ಕಾಂಡ ದಪ್ಪ, ರೋಗದ ಸುಳಿವಿಲ್ಲ. ಆದರೂ ಎಂಟರಲ್ಲಿ ಡಿಸೆಂಬರ್ ತನಕ ಒಂದು ಮೊಗ್ಗೂ ಬರಲಿಲ್ಲ. ಗೇಟಿನ ಕಂಬದ ಮರೆಯಲ್ಲಿದ್ದ ಎರಡು ಮಾತ್ರ ಹೂಬಿಟ್ಟವು. ಚೆನ್ನಾಗಿ ಅರಳಿದ್ದು ಒಟ್ಟು 40ಕ್ಕೆ 9. ಗೊಬ್ಬರ ಸಾಲದು ಎಂದು ಮನೆಯವರು ಮೂಲೆಯ ಗಿಡಗಳಿಗೆ ಕಡಲೆಕಾಯಿ ಹಿಂಡಿ ನೆನೆಸಿದ ನೀರನ್ನು ಎರಡು ಬಾರಿ ಹಾಕಿದ್ದರು. ಎಲೆ ಇನ್ನಷ್ಟು ದೊಡ್ಡದಾಯಿತು, ಅಷ್ಟೆ.

ಒಂದೇ ತಳಿ, ಒಂದೇ ದಿನ ನೆಟ್ಟದ್ದು, ಸೋತಿದ್ದು ಮಾತ್ರ ಮೂರು ಜಾಗದಲ್ಲಿ ಮೂರು ಬಗೆಯಾಗಿ. ಆದ್ದರಿಂದ ತಪ್ಪು ಗಿಡದ್ದಲ್ಲ, ಜಾಗದ್ದು ಎಂದು ಇಟ್ಟುಕೊಂಡೇ ಪರಿಶೀಲನೆ ಆರಂಭವಾಯಿತು.

ಉತ್ತರದ ಪಾತಿ: ಜೂನ್‌ನ ಬಿಸಿಲನ್ನು ನಂಬಬಾರದು

ಈ ಪಾತಿಗೆ ದಿನವಿಡೀ ಬಿಸಿಲು ಎಂದು ಮನೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ನೋಡಿದ್ದು ಮೇ, ಜೂನ್ ತಿಂಗಳಲ್ಲಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸಿನಿಂದ ಆಗಸ್ಟ್ 18ರವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಶಾಲೆಗಳಲ್ಲಿ ಶೂನ್ಯ ನೆರಳಿನ ದಿನ ಎಂದು ಆಚರಿಸುವುದು ಈ ಎರಡು ತುದಿಗಳನ್ನೇ. ಆ ಅವಧಿಯಲ್ಲಿ ಮನೆಯ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉತ್ತರದ ಅಂಗಳಕ್ಕೆ ಪೂರ್ತಿ ಬಿಸಿಲು. ಆಗಸ್ಟ್ 18 ದಾಟಿದ ಮೇಲೆ ನೆರಳು ಉತ್ತರಕ್ಕೆ ತಿರುಗಿ ದಿನದಿನಕ್ಕೆ ಉದ್ದವಾಗುತ್ತದೆ.

ಎಷ್ಟು ಉದ್ದ ಎಂಬುದನ್ನು ಲೆಕ್ಕ ಹಾಕಬಹುದು. ಅಕ್ಟೋಬರ್ 22ರ ಮಧ್ಯಾಹ್ನ ನೆರಳಿನ ಉದ್ದ ಕಟ್ಟಡದ ಎತ್ತರದ 0.45 ಪಾಲು, ನವೆಂಬರ್ ಮಧ್ಯಕ್ಕೆ 0.6 ಪಾಲು, ಡಿಸೆಂಬರ್ 21ಕ್ಕೆ 0.74 ಪಾಲು. 25 ಅಡಿಯ ಈ ಮನೆಗೆ ಅದು ಕ್ರಮವಾಗಿ 11, 15 ಮತ್ತು 18 ಅಡಿ. ಮನೆಯ ಗೋಡೆಯಿಂದ ಪಾತಿಯ ಒಳ ಅಂಚು 7 ಅಡಿ, ಹೊರ ಅಂಚು 10 ಅಡಿ ದೂರ. ಅಂದರೆ ಸೆಪ್ಟೆಂಬರ್ ಕೊನೆಗೆ ನೆರಳು ಪಾತಿಯನ್ನು ಮುಟ್ಟಿ, ಅಕ್ಟೋಬರ್ ಮಧ್ಯದ ಹೊತ್ತಿಗೆ ಪೂರ್ತಿ ನುಂಗುತ್ತದೆ. ಸೇವಂತಿಗೆ ಮೊಗ್ಗು ಬಲಿತು ಅರಳಬೇಕಾದ ಸಮಯಕ್ಕೇ ಬಿಸಿಲು ಹೋಗುತ್ತದೆ. ದಿನಕ್ಕೆ ಕನಿಷ್ಠ ಐದು ಗಂಟೆ ಬಿಸಿಲು ಕೇಳುವ ಗಿಡಕ್ಕೆ ಅಲ್ಲಿ ಸಿಗುತ್ತಿದ್ದುದು ಪೂರ್ವದ ರಸ್ತೆ ಕಡೆಯಿಂದ ಬರುವ ಬೆಳಗಿನ ಓರೆಬಿಸಿಲು ಮಾತ್ರ, ಒಂದೆರಡು ಗಂಟೆ.

ಉತ್ತರಮುಖದ ಮನೆಗಳಲ್ಲಿ, ದಕ್ಷಿಣಕ್ಕೆ ಎತ್ತರದ ಕಟ್ಟಡವಿರುವ ಎಲ್ಲ ಅಂಗಳಗಳಲ್ಲಿ ಇದೇ ಕತೆ. ಮೇಲಿನ 0.45, 0.6, 0.74ರ ಮೂರು ಅಂಕಿಗಳನ್ನು ಗುರುತು ಹಾಕಿಟ್ಟುಕೊಂಡರೆ ಅಳತೆಪಟ್ಟಿಯೊಂದರಿಂದಲೇ ಕೆಲಸವಾಗುತ್ತದೆ. ಮೈಸೂರು, ಮಂಗಳೂರು, ಹಾಸನದಲ್ಲಿ ವ್ಯತ್ಯಾಸ ತೀರಾ ಅಲ್ಪ. ಬೆಳಗಾವಿ, ಕಲಬುರಗಿಯಷ್ಟು ಉತ್ತರಕ್ಕೆ ಹೋದರೆ ನೆರಳು ಇನ್ನೂ ಉದ್ದ.

ಮೂಲೆ: ರಾತ್ರಿ ಕತ್ತಲಾಗದ ಜಾಗ

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ಮೇಲೆ ಸಾಲುಸಾಲಾಗಿ ಬಲ್ಬ್ ಉರಿಯುವುದನ್ನು ನೋಡಿರುತ್ತಾರೆ. ಅದು ಸೇವಂತಿಗೆ ಹೊಲ. ಸೇವಂತಿಗೆಗೆ ಮೊಗ್ಗು ಕಟ್ಟಲು ಉದ್ದನೆಯ, ನಡುವೆ ಕಡಿಯದ ಕತ್ತಲೆ ಬೇಕು. ರಾತ್ರಿ ಕೆಲವು ಗಂಟೆ ಬೆಳಕು ಕೊಟ್ಟರೆ ಗಿಡ ಹೂವಿನ ಯೋಚನೆ ಬಿಟ್ಟು ಎಲೆ, ಕಾಂಡ ಬೆಳೆಸುತ್ತದೆ. ಹಬ್ಬದ ಮಾರುಕಟ್ಟೆಗೆ ಹೂ ಬರಬೇಕಾದ ದಿನ ಎಣಿಸಿ, ಅಷ್ಟು ವಾರ ಮೊದಲು ರೈತರು ಬಲ್ಬ್ ಆರಿಸುತ್ತಾರೆ.

ರೈತರು ಬೇಕೆಂದೇ ಮಾಡುವುದನ್ನು ಈ ಮೂಲೆಯಲ್ಲಿ ಬೀದಿದೀಪ ಬೇಡದೆಯೂ ಮಾಡುತ್ತಿತ್ತು. ಅದು ಸಂಜೆ ಹೊತ್ತಿದರೆ ಬೆಳಗಿನ ತನಕ ಉರಿಯುವ ಬಿಳಿ ಎಲ್ಇಡಿ. ಗೇಟಿನ ಕಂಬದ ಮರೆಯ ಎರಡು ಗಿಡ ಮಾತ್ರ ಅರಳಿದ್ದೇ ಇದಕ್ಕೆ ಸಾಕ್ಷಿ: ಮಣ್ಣು ಅದೇ, ನೀರು ಅದೇ, ಬಿಸಿಲು ಅದೇ, ವ್ಯತ್ಯಾಸ ರಾತ್ರಿಯ ನೆರಳೊಂದೇ.

ಪರೀಕ್ಷೆ ಸುಲಭ. ರಾತ್ರಿ ಒಂಬತ್ತಕ್ಕೆ ಪಾತಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಗಿಡದ ಎತ್ತರದಲ್ಲಿ ದಿನಪತ್ರಿಕೆ ಹಿಡಿಯಬೇಕು. ಸಣ್ಣಕ್ಷರ ಓದಲು ಬಂದರೆ ಆ ಜಾಗ ಸೇವಂತಿಗೆಗೆ ಆಗದು. ಈ ಮನೆಯಲ್ಲಿ ಮೂಲೆಯಿಂದ ಪೂರ್ವದ ಪಾತಿಯಲ್ಲಿ 6 ಅಡಿ, ಉತ್ತರದ ಪಾತಿಯಲ್ಲಿ 4 ಅಡಿಯವರೆಗೆ ಓದಲು ಬರುತ್ತಿತ್ತು. ಆಚೆಗೆ ಗೇಟಿನ ಕಂಬವೂ ಗೋಡೆಯೂ ಮರೆ ಮಾಡುತ್ತಿದ್ದವು. ವರಾಂಡದ ಬಲ್ಬ್, ಗೇಟಿನ ದೀಪಗಳನ್ನೂ ಹೀಗೇ ನೋಡಬೇಕು. ಸ್ವಂತ ದೀಪವಾದರೆ ಚಲನೆಗೆ ಹೊತ್ತುವ ಸೆನ್ಸರ್ ಹಾಕಿ ಪಾರಾಗಬಹುದು. ಬೀದಿದೀಪಕ್ಕೆ ಆ ದಾರಿಯಿಲ್ಲ. ಸಂಜೆ ಆರಕ್ಕೆ ಕಪ್ಪು ಬಟ್ಟೆ ಹೊದಿಸಿ ಬೆಳಿಗ್ಗೆ ತೆಗೆಯುವ ಉಪಾಯವೂ ಇದೆ, ಆದರೆ ಎಂಟು ವಾರ ಒಂದು ದಿನವೂ ತಪ್ಪದೆ ಯಾರೂ ಮಾಡುವುದಿಲ್ಲ. ಗಿಡ ಬದಲಿಸುವುದೇ ಸರಿ.

ಪೂರ್ವದ ಪಾತಿ: ಒಂಬತ್ತು ಅಂಗುಲದ ಕೆಳಗೆ ಸಿಮೆಂಟು

ಬೆಂಗಳೂರಿಗೆ ಸೆಪ್ಟೆಂಬರ್ ವರ್ಷದ ಅತಿ ಹೆಚ್ಚು ಮಳೆಯ ತಿಂಗಳು. ಸರಾಸರಿ 200 ಮಿಲಿಮೀಟರ್ ಆಸುಪಾಸು. ಅಕ್ಟೋಬರ್ ಕೂಡ ಹೆಚ್ಚು ಹಿಂದಿಲ್ಲ. ಶರತ್ಕಾಲದ ಹೂ ಎಂದರೆ ಇಲ್ಲಿ ಮಳೆಗಾಲದ ತುದಿಯ ಹೂ. ವಿದೇಶದ ಪಟ್ಟಿ ನೋಡಿ ಸೆಡಮ್, ಹೆಲೆನಿಯಮ್, ಜಪಾನೀ ಎನಿಮೋನ್ ಹುಡುಕುವವರು ಇದನ್ನು ಮರೆಯುತ್ತಾರೆ. ಅವು ಕಡುಚಳಿ, ಹಿಮದ ವಿಶ್ರಾಂತಿಗೆ ಒಗ್ಗಿದ ಗಿಡಗಳು. ಬೆಂಗಳೂರಿನ ಚಳಿ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಸಾಮಾನ್ಯವಾಗಿ 15–16 ಡಿಗ್ರಿಗೆ ನಿಲ್ಲುತ್ತದೆ. ವಿಶ್ರಾಂತಿ ಸಿಗದೆ, ಮೇಲಿಂದ ಬುಡ ನೆನೆದು, ಅವು ಇಲ್ಲಿ ಬಾಳುವುದಿಲ್ಲ.

ನೀರು ಇಂಗುವ ಪರೀಕ್ಷೆಗೆ ತಗ್ಗಿನ ತುದಿಯಲ್ಲಿ ಒಂದು ಅಡಿ ಉದ್ದಗಲ, ಮುಕ್ಕಾಲು ಅಡಿ ಆಳದ ಗುಂಡಿ ತೆಗೆದು, ಒಮ್ಮೆ ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಲಾಯಿತು. ಎರಡನೇ ಸಲದ ನೀರು ನಾಲ್ಕೈದು ಗಂಟೆಯಲ್ಲಿ ಖಾಲಿಯಾಗಬೇಕು. ಇಲ್ಲಿ ಒಂಬತ್ತು ಗಂಟೆಯಾದರೂ ಮೂರು ಅಂಗುಲ ನಿಂತಿತ್ತು. ಹಾರೆ ಹಾಕಿದಾಗ ಕಾರಣ ಸಿಕ್ಕಿತು: ಒಂಬತ್ತು ಅಂಗುಲದ ಕೆಳಗೆ, ಮನೆ ಕಟ್ಟುವಾಗ ಕಾಂಕ್ರೀಟ್ ತೊಳೆದ ನೀರು ಹರಿದು ಗಟ್ಟಿಯಾದ ಪದರ, ಅದರ ಮೇಲೆ ಇಟ್ಟಿಗೆ ಚೂರು, ಅದರ ಮೇಲೆ ಅಲಂಕಾರಕ್ಕೆ ಕೆಮ್ಮಣ್ಣು. ಹೊಸ ಬಡಾವಣೆಗಳ ಪಾತಿಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಗಿಡ ಕೊಳ್ಳುವ ಮೊದಲು ಹಾರೆ ಹಾಕಿ ನೋಡದಿರುವುದೇ ತಪ್ಪು. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ, ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರುಳಿಯುವುದೂ ಇದರಿಂದಲೇ. ಅದನ್ನು ಗೊಬ್ಬರದ ಕೊರತೆ ಎಂದು ತಿಳಿದು ಯೂರಿಯಾ ಹಾಕಿದರೆ ಪ್ರಯೋಜನವಿಲ್ಲ. ಬೇರಿಗೆ ಕಬ್ಬಿಣ ಸಿಗದಿರುವುದು ಅಲ್ಲಿನ ತೊಂದರೆ.

ಏಪ್ರಿಲ್‌ನಲ್ಲಿ ಆ ಸಿಮೆಂಟಿನ ಪದರ ಒಡೆದು ಹೊರಹಾಕಿ, ಎರಡೂ ಪಾತಿಗಳನ್ನು ಸೈಜುಗಲ್ಲಿನ ಅಂಚು ಕಟ್ಟಿ 8 ಅಂಗುಲ ಎತ್ತರಿಸಲಾಯಿತು. ಪೂರ್ವದ ಪಾತಿಯ ಗೋಡೆಯಲ್ಲಿ ನಾಲ್ಕಡಿಗೊಂದರಂತೆ ಎರಡು ಅಂಗುಲದ ಪಿವಿಸಿ ಪೈಪಿನ ತುಂಡು ಕೂರಿಸಿ, ಒಳಬಾಯಿಗೆ ಜಲ್ಲಿ ತುಂಬಿ ನೀರಿಗೆ ದಾರಿ ಮಾಡಲಾಯಿತು. ಮಣ್ಣಿನ ಮಿಶ್ರಣ: ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಒಟ್ಟು 142 ಚದರ ಅಡಿಗೆ 95 ಘನ ಅಡಿ ಮಿಶ್ರಣ ಬೇಕಾಯಿತು. ಗೊಬ್ಬರದ ಪಾಲು 24 ಘನ ಅಡಿ, ಸಿಮೆಂಟ್ ಚೀಲದ ಲೆಕ್ಕದಲ್ಲಿ ಇಪ್ಪತ್ತು ಚೀಲ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಬಳಸಬೇಕು. ಅದರ ನುಣ್ಣನೆಯ ಪುಡಿ ಒಂದೇ ಮಳೆಗೆ ಹೆಪ್ಪುಗಟ್ಟಿ, ನೀರು ಇಂಗಲೆಂದು ಹಾಕಿದ್ದೇ ನೀರನ್ನು ತಡೆಯುತ್ತದೆ. ಕೊನೆಗೆ ಎರಡೂವರೆ ಕಿಲೋ ಬೇವಿನ ಹಿಂಡಿ ಮೇಲ್ಮಣ್ಣಿಗೆ ಬೆರೆಸಿ, ಎರಡು ವಾರ ನೀರು ಹಾಯಿಸಿ ಬಿಡಲಾಯಿತು.

ಆಯ್ಕೆ

ಈಗ ಒಂದು ಅಂಗಳದ ಬದಲು ಮೂರು ಜಾಗಗಳಾದವು: ಶರತ್ಕಾಲದಲ್ಲಿ ನೆರಳಾಗುವ ಉತ್ತರ, ಬೆಳಗಿನ ಬಿಸಿಲೂ ರಾತ್ರಿಯ ಕತ್ತಲೂ ಇರುವ ಪೂರ್ವ, ಬಿಸಿಲಿದ್ದರೂ ಕತ್ತಲಿಲ್ಲದ ಮೂಲೆ.

ಉತ್ತರಕ್ಕೆ ಮೊದಲ ಆಯ್ಕೆ ಸ್ಫಟಿಕ. ಗೋರಂಟೆ, ಡಿಸೆಂಬರ್ ಹೂ ಎಂದೂ ಕರೆಯುತ್ತಾರೆ. ಕೆಲವು ಕಡೆ ಮದರಂಗಿಗೂ ಗೋರಂಟಿ ಎನ್ನುವುದರಿಂದ ನರ್ಸರಿಯಲ್ಲಿ ಬಾರ್ಲೇರಿಯಾ ಎಂದೇ ಕೇಳುವುದು ವಾಸಿ. ಹಳೆಯ ಮನೆಗಳ ಬೇಲಿಯಲ್ಲಿ ತಾನಾಗಿ ಬೆಳೆಯುತ್ತಿದ್ದ ಈ ಗಿಡವನ್ನು ಈಗಿನ ತೋಟಗಳು ಕಡೆಗಣಿಸಿರುವುದು ನಿಜಕ್ಕೂ ನಷ್ಟ. ಅರೆನೆರಳಿಗೆ ಒಗ್ಗುತ್ತದೆ, ಮಳೆಗೆ ಕೊಳೆಯುವುದಿಲ್ಲ, ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಹೂ ಕೊಡುತ್ತದೆ. ನೇರಳೆ, ಬಿಳಿ, ತಿಳಿಗುಲಾಬಿ, ಪಟ್ಟೆಯದು ಎಲ್ಲವೂ ಸಿಗುತ್ತವೆ. ಇಲ್ಲಿ ಆರಿಸಿದ್ದು ಬಿಳಿ 4, ತಿಳಿನೇರಳೆ 4. ಗಾಢ ಬಣ್ಣ ನೆರಳಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ನವೆಂಬರ್‌ನಲ್ಲಿ ಆರಕ್ಕೆಲ್ಲ ಕತ್ತಲಾಗುವುದರಿಂದ ಕೆಲಸ ಮುಗಿಸಿ ಬರುವವರಿಗೆ ಬಿಳಿ ಹೂವಷ್ಟೇ ಕಾಣುತ್ತದೆ. ಗೋಡೆಯ ಬದಿಗೆ ಎರಡೂವರೆ ಅಡಿಗೊಂದರಂತೆ ಎಂಟು ಗಿಡ.

ಅದರ ಮುಂದೆ ಒಂದು ಅಡಿ ಅಂತರದಲ್ಲಿ 18 ಕನಕಾಂಬರ. ಇದಕ್ಕೆ ಅರೆನೆರಳೇ ಹಿತ, ಋತುವಿನ ಹಂಗಿಲ್ಲ, ದಿನವೂ ಬಿಡಿಸಿದಷ್ಟೂ ತೆನೆ ಬರುತ್ತದೆ. ದೇವರ ಕೋಣೆಯ ಬೊಗಸೆ ಹೂವಿನ ಲೆಕ್ಕ ಇಲ್ಲಿಗೆ ಮುಗಿಯಿತು. ತಂದದ್ದು ದೆಹಲಿ ಕನಕಾಂಬರ. ಹೂ ದೊಡ್ಡದು, ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಇದರ ದೌರ್ಬಲ್ಯ ಬೇರುಗಂಟು ಮಾಡುವ ಜಂತುಹುಳು. ಬದನೆ, ಟೊಮೆಟೊ ಬೆಳೆದ ಮಣ್ಣನ್ನು ಇದಕ್ಕೆ ಹಾಕಲೇಬಾರದು.

ಪೂರ್ವದ ಪಾತಿಯಲ್ಲಿ ಮೂಲೆ ಬಿಟ್ಟು ಉಳಿದ 14 ಅಡಿ ಸೇವಂತಿಗೆಯ ಜಾಗ. ಬೆಳಿಗ್ಗೆ ಎಂಟರಿಂದ ಹತ್ತಿರಹತ್ತಿರ ಒಂದು ಗಂಟೆಯವರೆಗೆ ಬಿಸಿಲು. ಒಂದು ಅಡಿ ಅಂತರದಲ್ಲಿ 24 ಗಿಡ: ಹಳದಿ 12, ತಿಳಿಗುಲಾಬಿ 8, ಬಿಳಿ 4. ಬಿಳಿಯದು ಕಡಿಮೆ ಏಕೆಂದರೆ ಅಕ್ಟೋಬರ್ ಮಳೆಗೆ ಮೊದಲು ಕಂದುವುದು ಅದೇ. ಕುಂಡದಲ್ಲಿ ಮಾರುವ ಗುಂಡುಹೂವಿನ ತಳಿಗಳನ್ನು ಕೈಬಿಟ್ಟು ಚಿಕ್ಕ ಹೂವಿನ, ಹೆಚ್ಚು ಕವಲೊಡೆಯುವ ತಳಿ ಹುಡುಕಲಾಯಿತು. ದೊಡ್ಡ ಹೂವಿನ ದಟ್ಟ ಎಸಳುಗಳ ನಡುವೆ ಮಳೆನೀರು ನಿಂತು ಒಳಗಿಂದ ಕೊಳೆಯುತ್ತದೆ, ಭಾರಕ್ಕೆ ಕಾಂಡ ಬಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಚಂದ್ರಿಕಾ, ನೀಲಿಮಾ, ಅರ್ಕಾ ಸ್ವರ್ಣದಂಥ ತಳಿಗಳು ನಮ್ಮ ಹವೆಯಲ್ಲೇ ಹುಟ್ಟಿದವು. ಸಿಕ್ಕರೆ ಅವನ್ನು ಬಿಡಬಾರದು.

ಸೇವಂತಿಗೆಯ ಜೊತೆಗೆ ಎಂಟು ಬ್ಲೂ ಡೈಸಿ, ಮೂರು ಗೋಲ್ಡನ್ ರಾಡ್. ಹೂಗುಚ್ಛದಲ್ಲಿ ತುಂಬಲು ಬಳಸುವ ಇವೆರಡೂ ಬುಡದಿಂದ ಮರಿಯೊಡೆಯುವ ಬಹುವಾರ್ಷಿಕಗಳು. ಕತ್ತರಿಸಿದ ಮೇಲೆ ಬರುವ ಹೊಸ ಕಾಂಡದ ತುದಿಯಲ್ಲಿ ಹೂ. ಇಲ್ಲೊಂದು ಹೆಸರಿನ ಎಡವಟ್ಟಿದೆ. ಆಸ್ಟರ್ ಎಂದು ಕೇಳಿದರೆ ನಮ್ಮಲ್ಲಿ ಕೊಡುವುದು ಚೈನಾ ಆಸ್ಟರ್. ಅದು ಒಂದೇ ಋತುವಿನ ಗಿಡ, ಬೀಜ ಕಟ್ಟಿ ಸಾಯುತ್ತದೆ. ಬೇಕಾದದ್ದು ಡೈಸಿ. ಬುಡ ಅಗೆದರೆ ಅಡ್ಡ ಹರಿದ ಬಿಳಿ ಬೇರುಕಾಂಡವೂ ಮರಿಯೂ ಕಾಣಬೇಕು, ಅದೇ ಗುರುತು. ಗೋಲ್ಡನ್ ರಾಡ್ ಹರಡಿ ನೆರೆಯ ಗಿಡವನ್ನು ಒತ್ತರಿಸುವುದರಿಂದ ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ ಹೂಳಿ ಅದರೊಳಗೆ ನೆಡಲಾಯಿತು.

ಮೂಲೆಗೆ ಬೇಕಾದದ್ದು ರಾತ್ರಿ ಬೆಳಕಿದ್ದರೂ ಹೂಬಿಡುವ ಗಿಡ. ಎರಡು ನೀಲಿ ಚಿತ್ರಮೂಲ, ಮುಂದೆ ಏಳು ಪೆಂಟಾಸ್. ಚಿತ್ರಮೂಲಕ್ಕೆ ಹಗಲು ರಾತ್ರಿಯ ಲೆಕ್ಕವಿಲ್ಲ, ಹೊಸ ಚಿಗುರು ಬಂದಾಗಲೆಲ್ಲ ಹೂ. ಅದರ ಹೂತೊಟ್ಟಿಗೆ ಅಂಟು ಇರುವುದರಿಂದ ಓಡಾಡುವ ದಾರಿಯಿಂದ ಒಂದೂವರೆ ಅಡಿ ಒಳಗೆ ನೆಡಬೇಕು, ಇಲ್ಲದಿದ್ದರೆ ಸೀರೆ, ಪಂಚೆಗೆಲ್ಲ ಒಣಹೂ ಅಂಟುತ್ತದೆ. ಪೆಂಟಾಸ್ ಬೆಳಕು ಹೆಚ್ಚಿದ್ದಷ್ಟೂ ಖುಷಿಪಡುವ ಗಿಡ. ಚಿಟ್ಟೆಗಳಿಗೂ ಬಲು ಇಷ್ಟ.

ಬೇಡವೆಂದದ್ದೂ ಆಯ್ಕೆಯ ಭಾಗವೇ. ಪಾಯಿನ್‌ಸೆಟಿಯಾ ಕೇಳಿದ್ದರು, ಅದೂ ಸೇವಂತಿಗೆಯಂತೆ ಕತ್ತಲೆ ಬೇಡುವ ಗಿಡ, ಮೂಲೆಗೆ ಆಗದು. ಜರ್ಬೆರಾದ ನಡುಸುಳಿ ಮಳೆಗೆ ಕೊಳೆಯುತ್ತದೆ. ಲಂಟಾನ ಬೇಡವೇ ಬೇಡ. ಮಲೆನಾಡಿನ ರಸ್ತೆಬದಿಯಲ್ಲಿ ನವೆಂಬರ್‌ನಲ್ಲಿ ಹಳದಿಯಾಗಿ ಹೊಳೆಯುವ ಮೆಕ್ಸಿಕನ್ ಸೂರ್ಯಕಾಂತಿಯೂ ಬೇಡ: ಹತ್ತಡಿ ಬೆಳೆಯುತ್ತದೆ, ಬೀಜ ಬಿದ್ದಲ್ಲೆಲ್ಲ ಹರಡಿ ನಾಡಿನ ಗಿಡಗಳ ಜಾಗ ಕಿತ್ತುಕೊಳ್ಳುತ್ತದೆ.

ಕೆಲಸದ ಕ್ರಮ

ಶರತ್ಕಾಲದ ಹೂವಿನ ಕೆಲಸ ಶರತ್ಕಾಲದಲ್ಲಿಲ್ಲ. ಜೂನ್ ಮೊದಲ ವಾರ, ಹಳೆಯ ಏಳು ಸೇವಂತಿಗೆಯಿಂದ ಮೂರು ಅಂಗುಲದ ತುದಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿಗೆ ಊರಲಾಯಿತು. ಹದಿನೆಂಟು ಇಪ್ಪತ್ತು ದಿನಕ್ಕೆ ಬೇರು. ಬೇಕಾದ ಉಳಿದ ಬಣ್ಣಗಳನ್ನು ಇದೇ ಹೊತ್ತಿಗೆ ಸಸಿಯಾಗಿ ತರಲಾಯಿತು. ಹಳೆಯ ಬುಡವನ್ನೇ ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಹಿಂದಿನ ವರ್ಷದ ಉತ್ತರದ ಪಾತಿಯೇ ಉದಾಹರಣೆ: ನೆರಳಿನ ತೊಂದರೆಯ ಜೊತೆಗೆ ಒಂದೊಂದು ಬುಡದಲ್ಲಿ ಹತ್ತಾರು ಮರಿ ಒತ್ತೊತ್ತಾಗಿ ಎದ್ದು, ಯಾವುದಕ್ಕೂ ಅನ್ನವಿಲ್ಲದಂತಾಗಿತ್ತು. ಸೇವಂತಿಗೆ ಬಹುವಾರ್ಷಿಕ ಎಂಬ ಮಾತಿನ ಅರ್ಥ ಬುಡ ಸಾಯುವುದಿಲ್ಲ ಎಂದಷ್ಟೇ. ಪ್ರತಿ ವರ್ಷ ಹೊಸ ಕಡ್ಡಿ ಅಥವಾ ಬಿಡಿಸಿದ ಕಂದನ್ನು, ಎಂದರೆ ಬುಡದ ಮರಿಯನ್ನು, ಹೊಸದಾಗಿ ನೆಡಲೇಬೇಕು.

ಜುಲೈ ಮೊದಲ ವಾರ ನಾಟಿ. ಗಿಡ ಆರು ಎಲೆಯಾದಾಗ, ಉಗುರಿನಿಂದ ತುದಿ ಚಿವುಟುವುದು. ಕವಲು ಬಂದ ಮೇಲೆ ಆಗಸ್ಟ್ ಎರಡನೇ ವಾರದೊಳಗೆ ಇನ್ನೊಮ್ಮೆ. ಅಲ್ಲಿಗೆ ನಿಲ್ಲಿಸಬೇಕು. ಕೊನೆಯ ಚಿವುಟಿನಿಂದ ಹೂವಿಗೆ ಒಂಬತ್ತು ಹತ್ತು ವಾರ ಬೇಕು; ಸೆಪ್ಟೆಂಬರ್‌ನಲ್ಲಿ ಚಿವುಟಿದರೆ ದೀಪಾವಳಿ ದಾಟಿಹೋಗುತ್ತದೆ. ಡೈಸಿ, ಗೋಲ್ಡನ್ ರಾಡನ್ನು ಜುಲೈ ಆರಂಭದಲ್ಲಿ ನೆಲಮಟ್ಟಕ್ಕೆ ಕತ್ತರಿಸಲಾಯಿತು. ಚಿತ್ರಮೂಲಕ್ಕೆ ಜುಲೈ ಮಧ್ಯದಲ್ಲಿ ಮೂರನೇ ಒಂದು ಪಾಲು ಕತ್ತರಿ.

ಸ್ಫಟಿಕಕ್ಕೆ ಜುಲೈ ನಂತರ ಕತ್ತರಿ ತಾಗಿಸಬಾರದು. ಮಳೆಗಾಲದಲ್ಲಿ ಬೆಳೆದ ಚಿಗುರಿನಲ್ಲೇ ಅದರ ಹೂವು. ಆಯುಧಪೂಜೆಗೆ ಅಂಗಳ ಚೊಕ್ಕ ಮಾಡುವಾಗ ಮಾಲಿಯ ಕೈಗೆ ಕತ್ತರಿ ಕೊಟ್ಟು, ಬೇಲಿಯಂತೆ ಸಮ ಮಾಡಿಸಿ, ಆ ವರ್ಷದ ಹೂವನ್ನೆಲ್ಲ ಕಸದಬುಟ್ಟಿಗೆ ಹಾಕುವುದು ತೀರಾ ಸಾಮಾನ್ಯ. ಈ ಮನೆಯಲ್ಲಿ ಗಿಡಗಳಿಗೆ ಕೆಂಪು ದಾರ ಕಟ್ಟಿ, ದಾರ ಕಟ್ಟಿದ್ದನ್ನು ಮುಟ್ಟಬಾರದು ಎಂದು ಮಾಲಿಗೆ ಹೇಳಲಾಗಿತ್ತು.

ಆಗಸ್ಟ್ ಕೊನೆಗೆ ಸೇವಂತಿಗೆಯ ಸುತ್ತ ಎರಡೂವರೆ ಅಡಿಯ ಬಿದಿರು ಸೀಳು ನೆಟ್ಟು, ಒಂದು ಅಡಿ ಮತ್ತು ಒಂದೂಮುಕ್ಕಾಲು ಅಡಿ ಎತ್ತರದಲ್ಲಿ ಹುರಿಯ ಬಲೆ. ಗಿಡ ಬಾಗಿದ ಮೇಲೆ ಕಟ್ಟಿದರೆ ಕಾಂಡ ಮುರಿಯುತ್ತದೆ. ಬುಡದಿಂದ ನಾಲ್ಕು ಅಂಗುಲದವರೆಗಿನ ಎಲೆ ಕಿತ್ತು, ನೆಲಕ್ಕೆ ಒಣಹುಲ್ಲಿನ ಮುಚ್ಚಿಗೆ. ಕಪ್ಪು ಎಲೆಚುಕ್ಕೆ ರೋಗ ಮಳೆಹನಿ ಮಣ್ಣಿಗೆ ಬಡಿದು ಸಿಡಿಯುವುದರಿಂದಲೇ ಕೆಳಗಿನ ಎಲೆಗೆ ಹತ್ತಿ ಮೇಲೇರುತ್ತದೆ. ಈ ಎರಡು ಕೆಲಸ ಅರ್ಧ ರೋಗ ತಡೆಯುತ್ತವೆ. ಸೆಪ್ಟೆಂಬರ್‌ನಲ್ಲಿ ಚುಕ್ಕೆ ಕಂಡಾಗ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಒಮ್ಮೆ ಸಿಂಪಡಿಸಲಾಯಿತು, ಮೊಗ್ಗು ಬಣ್ಣ ತೋರುವ ಮೊದಲೇ. ದೇವರಿಗೂ ಮುಡಿಗೂ ಹೋಗುವ ಹೂವಿನ ಮೇಲೆ ಸಿಂಪಡಣೆ ಬೇಡ. ಮೊಗ್ಗಿನ ತೊಟ್ಟಿಗೆ ಮುತ್ತಿದ ಕಪ್ಪು ಸಸ್ಯಹೇನನ್ನು ಪೈಪಿನ ನೀರಿನ ರಭಸದಿಂದಲೇ ಉದುರಿಸಲಾಯಿತು. ಮೊಗ್ಗು ಬಟಾಣಿ ಗಾತ್ರವಾದ ಮೇಲೆ ಹಿಂಡಿ, ಯೂರಿಯಾ ಯಾವುದೂ ಇಲ್ಲ.

ಆದದ್ದು

ಪೆಂಟಾಸ್, ಕನಕಾಂಬರ ಸೆಪ್ಟೆಂಬರ್‌ನಲ್ಲೇ ಹೂವಿನಲ್ಲಿದ್ದವು. ಅಕ್ಟೋಬರ್ ಮೊದಲ ವಾರ ಡೈಸಿ, ಗೋಲ್ಡನ್ ರಾಡ್. ಇಪ್ಪತ್ತರ ಹೊತ್ತಿಗೆ ಹಳದಿ ಸೇವಂತಿಗೆ, ಅದರ ಬೆನ್ನಿಗೇ ಗುಲಾಬಿ. 24ರಲ್ಲಿ 22 ಗಿಡ ಪೂರ್ಣ ಅರಳಿದವು, ಬಿಳಿ ಬಿಟ್ಟು ಉಳಿದವು ಡಿಸೆಂಬರ್ ಮೊದಲ ವಾರದವರೆಗೆ ನಿಂತವು. ನವೆಂಬರ್ ಆರಂಭಕ್ಕೆ ಸ್ಫಟಿಕ ಶುರುವಾಗಿ ಜನವರಿಯ ತನಕ ಉತ್ತರದ ಪಾತಿ ಬೆಳ್ಳಗೆ, ತಿಳಿನೇರಳೆಯಾಗಿ ಇತ್ತು. ಉತ್ಥಾನ ದ್ವಾದಶಿಯಂದು ತುಳಸಿಕಟ್ಟೆಗೆ ಮನೆಯ ಹೂವೇ ಸಾಕಾಯಿತು. ಮೂಲೆಯ ಚಿತ್ರಮೂಲ ಮಳೆಯ ವಾರಗಳಲ್ಲಿ ಮಂಕಾಗಿ, ಮಳೆ ನಿಂತ ಮೇಲೆ ಚೇತರಿಸಿಕೊಂಡಿತು.

ಕೆಟ್ಟದ್ದೂ ಇದೆ. ಕನಕಾಂಬರದಲ್ಲಿ ಮೂರು ಗಿಡ ಹಳದಿಯಾಗಿ ಸೊರಗಿದವು. ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ನರ್ಸರಿ ಸಸಿಯ ಮಣ್ಣಿನಲ್ಲೇ ಜಂತುಹುಳು ಬಂದಿತ್ತು. ತೊಟ್ಟೆಯಿಂದ ಬಿಡಿಸುವಾಗ ಬೇರು ನೋಡಿದ್ದರೆ ತಪ್ಪುತ್ತಿತ್ತು. ಆ ಮೂರು ಕುಣಿಗಳ ಮಣ್ಣು ತೆಗೆದು, ಬೇವಿನ ಹಿಂಡಿ ಹಾಕಿ, ಆ ವರ್ಷ ಬರೀ ಚೆಂಡು ಹೂ ಬೆಳೆಸಲಾಯಿತು. ಅದರ ಬೇರು ಜಂತುಹುಳುವಿನ ಸಂಖ್ಯೆ ತಗ್ಗಿಸುತ್ತದೆ. ಗೋಲ್ಡನ್ ರಾಡ್ ಒಂದು ಬಕೆಟ್ಟಿನ ಅಂಚು ಹತ್ತಿ ಹೊರಗೆ ಬಂತು. ಬಕೆಟ್ಟಿನ ಬಾಯಿ ಮಣ್ಣಿನ ಮಟ್ಟಕ್ಕೇ ಇದ್ದದ್ದು ಕಾರಣ, ಎರಡು ಅಂಗುಲ ಮೇಲಿರಬೇಕಿತ್ತು. ಬಿಳಿ ಸೇವಂತಿಗೆ ನಿರೀಕ್ಷೆಯಂತೆಯೇ ಒಂದು ವಾರದ ಜಡಿಮಳೆಗೆ ಕಂದಿತು.

ಜನವರಿ ಎರಡನೇ ವಾರ ಸೇವಂತಿಗೆಯನ್ನು ಐದು ಅಂಗುಲಕ್ಕೆ ಕತ್ತರಿಸಲಾಗಿದೆ. ಬುಡದಲ್ಲಿ ಎದ್ದ ಕಂದುಗಳಲ್ಲಿ ಹಳದಿ, ಗುಲಾಬಿಯವನ್ನು ಬಣ್ಣ ಬರೆದ ಚೀಟಿ ಕಟ್ಟಿ ಚೀಲಗಳಿಗೆ ಹಾಕಿ, ಬೇಸಿಗೆಯ ತನಕ ಅರೆನೆರಳಿಗೆಂದು ಮನೆಯ ಪೂರ್ವದ ಗೋಡೆಗೆ ಒರಗಿಸಿ ಇಡಲಾಗಿದೆ. ಬಿಳಿಯದನ್ನು ಉಳಿಸಿಲ್ಲ, ಆ ನಾಲ್ಕು ಕುಣಿಗಳಿಗೆ ಜುಲೈನಲ್ಲಿ ಡೈಸಿಯ ಮರಿ ಹೋಗುತ್ತವೆ.